ಒಂದು ಗಂಟೆ ಫ್ಲೈಟಾ, ಒಂದು ರಾತ್ರಿ ಟ್ರೇನಾ? ಮಂಗಳೂರು ದಾರಿಯ ಹಿಸ್ಟರಿ

1/5
ಲಾಂಗ್ ವೀಕೆಂಡ್ ಬಂತು ಅಂದ್ರೆ ಕ್ಲಾಸ್ ಗ್ರೂಪಲ್ಲಿ ಒಂದೇ ಚರ್ಚೆ: ಮಂಗಳೂರಿಗೆ ಹೇಗೆ ಹೋಗೋದು? "ಫ್ಲೈಟ್ ಒಂದೇ ಗಂಟೆ ಗುರು" ಅಂತ ಒಬ್ಬರಾದ್ರೂ ಹೇಳೇ ಹೇಳ್ತಾರೆ. ಆ ಒಂದು ಗಂಟೆ ನಿಜ. ಆದ್ರೆ ಅದರ ಹಿಂದೆ ಮುಂದೆ ಸೇರಿಕೊಂಡಿರೋ ಗಂಟೆಗಳಿಗೂ ಒಂದು ಹಿಸ್ಟರಿ ಇದೆ, ಓದಿ.

2/5
ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ಶುರುವಾಗಿದ್ದು 1951ರಲ್ಲಿ. ಹಾಸನದಿಂದ ಮಂಗಳೂರಿಗೆ ರೈಲು ಬಂದಿದ್ದು 1979ರಲ್ಲಿ. ಯಾಕಿಷ್ಟು ತಡ? ನಡುವೆ ಪಶ್ಚಿಮ ಘಟ್ಟ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ದಾರೀಲಿ 57 ಸುರಂಗ ಇವೆ. 50 ಮೀಟರ್ ಹೋದ್ರೆ 1 ಮೀಟರ್ ಇಳಿಜಾರು. ಹಾಗಾಗಿ ಅಲ್ಲಿ ರೈಲು ಇವತ್ತಿಗೂ ನಿಧಾನ. ಹಗಲಲ್ಲಿ ಬೇಜಾರಾಗಬಹುದು. ರಾತ್ರಿ ನೀವು ಮಲಗಿರ್ತೀರ, ಗೊತ್ತೇ ಆಗಲ್ಲ.

3/5
1990ರ ದಶಕದಲ್ಲಿ ಮೀಟರ್ ಗೇಜನ್ನ ಬ್ರಾಡ್ ಗೇಜ್ ಮಾಡೋಕೆ ಅಂತ ಘಟ್ಟದ ರೈಲು ನಿಲ್ಲಿಸಿದ್ರು. ಹತ್ತು ವರ್ಷ ಕಳೆದರೂ ಪ್ರಯಾಣಿಕರ ರೈಲು ವಾಪಸ್ ಬರಲಿಲ್ಲ. ಬೆಂಗಳೂರಲ್ಲಿ ಓದ್ತಿದ್ದ, ದುಡೀತಿದ್ದ ಕರಾವಳಿಯವರಿಗೆ ಉಳಿದಿದ್ದು ಘಾಟಿ ರಸ್ತೆಯ ಬಸ್ಸು, ಇಲ್ಲಾಂದ್ರೆ ಕೇರಳ ಸುತ್ತಿಕೊಂಡು ಹೋಗೋ ರೈಲು. ಕೊನೆಗೂ 2007ರ ಡಿಸೆಂಬರಲ್ಲಿ ರೈಲು ಮತ್ತೆ ಶುರುವಾಯ್ತು.

4/5
ಆರು ತಿಂಗಳೊಳಗೆ ಇನ್ನೊಂದು ಬದಲಾವಣೆ. 2008ರ ಮೇ 24ಕ್ಕೆ ಬೆಂಗಳೂರಿನ ವಿಮಾನಗಳು ಊರೊಳಗಿದ್ದ ಎಚ್‌ಎಎಲ್ ನಿಲ್ದಾಣ ಬಿಟ್ಟು ದೇವನಹಳ್ಳಿಗೆ ಹೋದವು. ನಮ್ಮ ತ್ಯಾಗರಾಜನಗರದಿಂದ ಸುಮಾರು 40 ಕಿ.ಮೀ.! ವಿಮಾನ ಹಾರೋದು ಅದೇ ಒಂದು ಗಂಟೆ. ಆದ್ರೆ ನಮ್ಮ ಕಡೆಯವರಿಗೆ ಮನೆಯಿಂದ ಏರ್‌ಪೋರ್ಟ್ ದೂರ ಆಯ್ತು. ಆ ಟ್ರಾಫಿಕ್, ಬೇಗ ಹೋಗಿ ಕಾಯೋದು, ಬಜ್ಪೆಯ ಗುಡ್ಡದಿಂದ ಊರಿಗೆ ಇಳಿಯೋದು, ಎಲ್ಲಾ ಸೇರಿಸಿದ್ರೆ ಅರ್ಧ ದಿನ ಹೋಯ್ತು.

ರೈಲಿಗೆ? 2017ರಿಂದ ಗ್ರೀನ್ ಲೈನ್ ಮೆಟ್ರೋ ಇದೆ. ಜಯನಗರದಲ್ಲಿ ಹತ್ತಿದ್ರೆ ಆರನೇ ಸ್ಟಾಪ್ ಮೆಜೆಸ್ಟಿಕ್. ಮನೇಲಿ ಊಟ ಮುಗಿಸಿ ಹೊರಡಿ, ಬರ್ತಲ್ಲಿ ಮಲಗಿ. ಬೆಳಿಗ್ಗೆ ಎದ್ದಾಗ ಮಂಗಳೂರು.

5/5
ಬಿಕಾಂನವರಿಗೆ ಒಂದು ಪ್ರಶ್ನೆ: ಇನ್‌ಡೈರೆಕ್ಟ್ ಕಾಸ್ಟ್ ಬಿಟ್ಟು ಟೋಟಲ್ ಹಾಕಿದ್ರೆ ಮಾರ್ಕ್ಸ್ ಕೊಡ್ತಾರಾ? "ಒಂದೇ ಗಂಟೆ" ಅನ್ನೋದೂ ಅಂಥದ್ದೇ ಲೆಕ್ಕ. ಹೇಗಿದ್ರೂ ನಿದ್ದೆಗೆ ಹೋಗೋ ಹೊತ್ತನ್ನ ರೈಲು ಬಳಸುತ್ತೆ, ಎಚ್ಚರ ಇರೋ ಹೊತ್ತನ್ನ ಫ್ಲೈಟ್ ತಿನ್ನುತ್ತೆ.

ಹಾಗಂತ ಯಾವಾಗಲೂ ರೈಲೇ ಅಂತಲ್ಲ. ಮನೇಲಿ ಯಾರಿಗೋ ಹುಷಾರಿಲ್ಲ, ಈಗಲೇ ಹೊರಡಬೇಕು ಅಂದ್ರೆ ಫ್ಲೈಟೇ ಸರಿ. ಮಳೆಗಾಲದಲ್ಲಿ ಘಟ್ಟ ಕುಸಿದು 2018ರಲ್ಲಿ, 2024ರಲ್ಲಿ ರೈಲುಗಳು ನಿಂತಿದ್ವು, ಅದನ್ನೂ ನೋಡಿಕೊಳ್ಳಿ. ಹಬ್ಬದ ಟೈಮಲ್ಲಿ ಬರ್ತ್ ಬೇಕಾದ್ರೆ ಮೊದಲೇ ಬುಕ್ ಮಾಡಿ. ಉಳಿದ ದಿನ ಟಿಕೆಟ್ ರೇಟ್ ಮಾತ್ರ ಅಲ್ಲ, ಮನೆ ಬಾಗಿಲಿಂದ ಬಾಗಿಲಿಗೆ ಎಷ್ಟು ಹೊತ್ತು ಅಂತ ಒಂದ್ಸಲ ಬರೆದು ನೋಡಿ.

ನಿಮ್ಮೂರಿಗೆ ರಾತ್ರಿ ರೈಲು ಯಾವುದು? ಕೆಳಗೆ ಹೇಳಿ. ಮುಂದಿನ ಸರಣಿ ಹುಬ್ಬಳ್ಳಿ ದಾರಿ ಬಗ್ಗೆ.

#ರಾತ್ರಿರೈಲು #ಮಂಗಳೂರು #ತ್ಯಾಗರಾಜನಗರ