ಎರಡನೆಯ ಕುರ್ಚಿಯ ಬದಲಾವಣೆ: ಧರಂಸಿಂಗ್ ಸಂಪುಟದಿಂದ ಚಿಂತಾಕಿಯ ಪಂಚಾಯತಿವರೆಗೆ

2005ರ ಆಗಸ್ಟ್‌ನಲ್ಲಿ ಸಿದ್ದರಾಮಯ್ಯ ಕರ್ನಾಟಕದ ಉಪಮುಖ್ಯಮಂತ್ರಿ ಸ್ಥಾನದಿಂದ ಇಳಿದರು, ಎಂ.ಪಿ. ಪ್ರಕಾಶ್ ಆ ಜಾಗಕ್ಕೆ ಬಂದರು. ಮುಖ್ಯಮಂತ್ರಿ ಎನ್. ಧರಂಸಿಂಗ್ ತಮ್ಮ ಜಾಗದಲ್ಲೇ ಇದ್ದರು. ಸಂವಿಧಾನದ ಪ್ರಕಾರ ಮಂತ್ರಿಯನ್ನು ಕೈಬಿಡುವುದು ಮುಖ್ಯಮಂತ್ರಿಯ ಸಲಹೆಯ ಮೇಲೆ ನಡೆಯುವ ಕೆಲಸ. ಆದರೆ ಈ ಬದಲಾವಣೆ ಬೇಕಾಗಿದ್ದುದು ಧರಂಸಿಂಗ್ ಅವರಿಗಲ್ಲ, ಎಚ್.ಡಿ. ದೇವೇಗೌಡರ ಜನತಾದಳಕ್ಕೆ (ಜಾತ್ಯತೀತ). 2004ರ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಭಾರತೀಯ ಜನತಾ ಪಕ್ಷ 79, ಕಾಂಗ್ರೆಸ್ 65, ಜನತಾದಳ 58 ಗೆದ್ದಿದ್ದವು. ಎರಡನೆಯ ಮತ್ತು ಮೂರನೆಯ ಪಕ್ಷಗಳು ಕೂಡಿ ಸರ್ಕಾರ ಕಟ್ಟಿದಾಗ ಮೊದಲ ಕುರ್ಚಿ ಕಾಂಗ್ರೆಸ್‌ಗೂ ಎರಡನೆಯದು ಜನತಾದಳಕ್ಕೂ ಸಂದಿತ್ತು. ಎರಡನೆಯ ಕುರ್ಚಿಯಲ್ಲಿ ಯಾರು ಕೂರಬೇಕು ಎಂಬುದನ್ನು ಮೊದಲ ಕುರ್ಚಿಯಲ್ಲಿ ಕೂತವರು ತೀರ್ಮಾನಿಸುವ ಹಾಗಿರಲಿಲ್ಲ.

ಸಿದ್ದರಾಮಯ್ಯ ಆ ದಿನಗಳಲ್ಲಿ ಅಹಿಂದ ಸಮಾವೇಶಗಳಲ್ಲಿ ತೊಡಗಿದ್ದರು. ಅಲ್ಪಸಂಖ್ಯಾತರು, ಹಿಂದುಳಿದವರು, ದಲಿತರು ಒಂದಾಗಿ ನಿಲ್ಲುವ ಆ ಲೆಕ್ಕಾಚಾರ ಅವರ ಪಕ್ಷದ ನಾಯಕತ್ವಕ್ಕೆ ಹಿಡಿಸಲಿಲ್ಲ. ತೆಗೆದುಹಾಕಿದ ಮೇಲೆ ಅವರು ಕಾಂಗ್ರೆಸ್ ಸೇರಿದರು. 2006ರ ಡಿಸೆಂಬರ್‌ನ ಚಾಮುಂಡೇಶ್ವರಿ ಉಪಚುನಾವಣೆಯಲ್ಲಿ 257 ಮತಗಳ ಅಂತರದಲ್ಲಿ ಗೆದ್ದರು, 2013ರಲ್ಲಿ ಮುಖ್ಯಮಂತ್ರಿಯಾದರು. ಅವರನ್ನು ತೆಗೆದ ವ್ಯವಸ್ಥೆಗೆ ಅಷ್ಟು ಆಯುಸ್ಸು ಇರಲಿಲ್ಲ. ಬದಲಾವಣೆಯಾಗಿ ಆರು ತಿಂಗಳು ಕಳೆಯುವಷ್ಟರಲ್ಲಿ ಜನತಾದಳದ ಶಾಸಕರು ಎಚ್.ಡಿ. ಕುಮಾರಸ್ವಾಮಿಯವರ ಹಿಂದೆ ಹೋದರು. 2006ರ ಫೆಬ್ರವರಿ 3ರಂದು ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ, ಭಾರತೀಯ ಜನತಾ ಪಕ್ಷದ ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಸಿದ್ದರಾಮಯ್ಯ ಸಂಪುಟದಲ್ಲೇ ಉಳಿದಿದ್ದರೆ ಸರ್ಕಾರ ಉಳಿಯುತ್ತಿತ್ತೇ ಎಂದು ಕೇಳಬಹುದು. ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ಪಕ್ಷದೊಳಗೆ ತನ್ನದೇ ತೂಕವಿದ್ದು, ಮೈತ್ರಿ ಮುರಿಯಲು ಒಪ್ಪದಿರಬಹುದಾಗಿದ್ದ ಒಬ್ಬ ನಾಯಕ 2006ರ ಜನವರಿಯಲ್ಲಿ ಒಳಗಿರಲಿಲ್ಲ ಎಂಬುದನ್ನಷ್ಟೇ ಗುರುತಿಸಬಹುದು.

ಬೀದರ್ ಜಿಲ್ಲೆಗೂ ಈ ಪ್ರಸಂಗಕ್ಕೂ ಒಂದು ನಂಟಿದೆ. ಕ್ಷೇತ್ರ ಮರುವಿಂಗಡಣೆಯಲ್ಲಿ ಗುಲ್ಬರ್ಗ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು, ದಶಕಗಳ ಕಾಲ ಮೀಸಲಾಗಿದ್ದ ಬೀದರ್ ಸಾಮಾನ್ಯ ಕ್ಷೇತ್ರವಾಯಿತು. ಜೇವರ್ಗಿಯ ಧರಂಸಿಂಗ್ 2009ರಲ್ಲಿ ಬೀದರ್‌ನಿಂದಲೇ ಲೋಕಸಭೆಗೆ ಹೋದರು, 2014ರಲ್ಲಿ ಭಗವಂತ ಖೂಬಾ ಅವರೆದುರು ಸೋತರು. ತಾವು ಆರಿಸದ ಉಪಮುಖ್ಯಮಂತ್ರಿಯನ್ನು ತಾವು ಬಯಸದೆ ಬದಲಿಸಬೇಕಾಗಿ ಬಂದ ಮುಖ್ಯಮಂತ್ರಿಗೆ ಬೀದರ್ ಕ್ಷೇತ್ರದ ಔರಾದ್ ತಾಲ್ಲೂಕಿನ ಚಿಂತಾಕಿಯ ಮತದಾರರೂ ಮುಂದೆ ಮತ ಹಾಕಿದರು ಅಥವಾ ನಿರಾಕರಿಸಿದರು. ಆ ಮತದಲ್ಲಿ 2005ರ ಆಗಸ್ಟ್ ಲೆಕ್ಕಕ್ಕೆ ಬಂದಿರಲಾರದು.

ಎರಡನೆಯ ಕುರ್ಚಿಯ ಈ ಪ್ರಶ್ನೆ ಕರ್ನಾಟಕದ್ದಷ್ಟೇ ಅಲ್ಲ. ಮರುಚುನಾವಣೆಗೆ ಹೊರಟ ಅಧ್ಯಕ್ಷ ತನ್ನ ಉಪಾಧ್ಯಕ್ಷನನ್ನು ಬದಲಿಸಬೇಕೇ ಎಂಬ ಚರ್ಚೆ ಅಮೆರಿಕದಲ್ಲಿ ಹಳೆಯದು. ಅಲ್ಲಿ ಅದು ಬಹುಮಟ್ಟಿಗೆ ಮತಗಳ ಲೆಕ್ಕ: ಹಳಬ ಎಷ್ಟು ಕಳೆಯುತ್ತಾನೆ, ಹೊಸಬ ಎಷ್ಟು ತರುತ್ತಾನೆ. ಈ ಲೆಕ್ಕಕ್ಕಿಂತ ಮುಂಚೆ ಕೇಳಬೇಕಾದ ಎರಡು ಪ್ರಶ್ನೆಗಳಿವೆ ಎಂಬುದು ನನ್ನ ವಾದ. ಆ ಮನುಷ್ಯನನ್ನು ಆ ಜಾಗಕ್ಕೆ ತಂದವರು ಯಾರು? ಮೊದಲ ಕುರ್ಚಿ ಹಠಾತ್ತಾಗಿ ಖಾಲಿಯಾದರೆ ಅಲ್ಲಿ ಕೂರುವವನು ಯಾರು?

1944ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹೆನ್ರಿ ವಾಲೆಸ್ ಅವರನ್ನು ಬಿಟ್ಟು ಹ್ಯಾರಿ ಟ್ರೂಮನ್ ಅವರನ್ನು ಒಪ್ಪಿಕೊಂಡರು. 432 ಚುನಾಯಕ ಮತಗಳಿಗೆ 99ರ ಗೆಲುವು ಅದು. ವಾಲೆಸ್ ಇದ್ದಿದ್ದರೂ ಗೆಲುವು ಬಹುಶಃ ತಪ್ಪುತ್ತಿರಲಿಲ್ಲ. ಹಾಗಿದ್ದೂ ಆ ಬದಲಾವಣೆ ಜಗತ್ತಿನ ಇತಿಹಾಸವನ್ನು ತಟ್ಟಿತು. 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡರು, ಅಣುಬಾಂಬಿನ ನಿರ್ಧಾರ ಟ್ರೂಮನ್ ಕೈಗೆ ಬಂತು. 1864ರಲ್ಲಿ ಲಿಂಕನ್ ಜೊತೆಗೆ ಹ್ಯಾನಿಬಲ್ ಹ್ಯಾಮ್ಲಿನ್ ಬದಲು ಆಂಡ್ರ್ಯೂ ಜಾನ್ಸನ್ ಬಂದದ್ದೂ ಇಂಥದ್ದೇ ಕತೆ. ದಕ್ಷಿಣದ ಒಬ್ಬ ಒಕ್ಕೂಟವಾದಿ ಜೊತೆಗಿದ್ದರೆ ಚುನಾವಣೆಗೆ ಅನುಕೂಲ ಎಂಬ ಲೆಕ್ಕ ಅಂದಿಗೆ ಸರಿಯಾಗಿಯೇ ಕಂಡಿತು. ಮರುವರ್ಷ ಲಿಂಕನ್ ಹತ್ಯೆಯಾಯಿತು. ಬಿಡುಗಡೆಗೊಂಡ ಕಪ್ಪು ಜನರ ಹಕ್ಕುಗಳ ವಿಷಯದಲ್ಲಿ ಸಂಸತ್ತಿನೊಡನೆ ಕಾದಾಡಿದ ಜಾನ್ಸನ್ 1868ರ ಮಹಾಭಿಯೋಗದಲ್ಲಿ ಒಂದೇ ಮತದಿಂದ ಪಾರಾದರು. 1976ರಲ್ಲಿ ಜೆರಾಲ್ಡ್ ಫೋರ್ಡ್ ನೆಲ್ಸನ್ ರಾಕ್‌ಫೆಲರ್ ಅವರನ್ನು ದೂರವಿಟ್ಟು ಬಾಬ್ ಡೋಲ್ ಅವರನ್ನು ಕರೆತಂದು ಸೋತರು. ರಾಕ್‌ಫೆಲರ್ ಉಪಾಧ್ಯಕ್ಷ ಸ್ಥಾನಕ್ಕೆ ಜನರ ಮತದಿಂದ ಬಂದವರಲ್ಲ, ಫೋರ್ಡ್ ಅವರೇ ಹೆಸರಿಸಿದವರು. ಆದ್ದರಿಂದ ಅವರು ತಿರುಗಿ ಬೀಳಲಿಲ್ಲ. ಆದರೆ ತಾನೇ ಆರಿಸಿದವನನ್ನು ಪಕ್ಷದ ಬಲಪಂಥಕ್ಕೆ ಹೆದರಿ ಬಿಟ್ಟುಕೊಟ್ಟ ಅಧ್ಯಕ್ಷ ಎಂಬ ಮಾತು ಫೋರ್ಡ್ ಬೆನ್ನಿಗೆ ಅಂಟಿತು.

ತಾನೇ ನೇಮಿಸಿದವನನ್ನು ತಾನೇ ತೆಗೆಯುವುದು ಸುಲಭ. ಅದರ ಬೆಲೆ ತೆರುವುದು ಆಮೇಲೆ. ಇದಕ್ಕೆ ಬೀದರಿನಲ್ಲೇ ಚುನಾವಣೆಗಳಿಲ್ಲದ ಕಾಲದ ಸಾಕ್ಷಿಯಿದೆ. 1481ರಲ್ಲಿ ಬಹಮನಿ ಸುಲ್ತಾನ ಮೂರನೆಯ ಮುಹಮ್ಮದ್ ಷಾ ತನ್ನ ಪ್ರಧಾನಿ ಮಹಮೂದ್ ಗವಾನನನ್ನು ಖೋಟಾ ಪತ್ರವೊಂದನ್ನು ನಂಬಿ ಕೊಲ್ಲಿಸಿದ. ಮರುವರ್ಷ ಸುಲ್ತಾನನೂ ಸತ್ತ, ಹತ್ತಾರು ವರ್ಷಗಳಲ್ಲಿ ಬಹಮನಿ ಪ್ರಾಂತಗಳು ಒಂದೊಂದಾಗಿ ಸ್ವತಂತ್ರವಾದವು. ಗವಾನ್ ಕಟ್ಟಿಸಿದ ಮದರಸಾ ನೋಡಲು ಬರುವ ಪ್ರವಾಸಿಗರಿಗೆ ಇದನ್ನು ದ್ರೋಹದ ಕತೆಯಾಗಿ ಹೇಳುತ್ತಾರೆ. ಉತ್ತರಾಧಿಕಾರದ ಕತೆಯಾಗಿಯೂ ಅದನ್ನು ಓದಬಹುದು.

ಭಾರತದ ಸಂವಿಧಾನ ರಾಷ್ಟ್ರಪತಿಗೆ ಇಂಥ ಸಂದಿಗ್ಧವನ್ನೇ ಕೊಟ್ಟಿಲ್ಲ. ರಾಷ್ಟ್ರಪತಿಯನ್ನು ಆರಿಸುವವರಲ್ಲಿ ರಾಜ್ಯಗಳ ಶಾಸಕರೂ ಇದ್ದಾರೆ. ಉಪರಾಷ್ಟ್ರಪತಿಯನ್ನು ಆರಿಸುವವರು ಸಂಸತ್ ಸದಸ್ಯರು ಮಾತ್ರ. ಇಬ್ಬರೂ ಜೋಡಿಯಾಗಿ ಮತ ಕೇಳುವುದಿಲ್ಲ. ಎರಡನೆಯ ಅವಧಿಗೆ ಆಯ್ಕೆಯಾದ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಒಬ್ಬರೇ. 1957ರಲ್ಲಿ ಅವರೊಡನೆ ಉಪರಾಷ್ಟ್ರಪತಿ ರಾಧಾಕೃಷ್ಣನ್ ಕೂಡ ಮರುಆಯ್ಕೆಯಾದರು, ಆದರೆ ಅವರನ್ನು ಉಳಿಸುವುದೋ ಬಿಡುವುದೋ ಎಂಬುದು ರಾಜೇಂದ್ರ ಪ್ರಸಾದರ ಕೈಯಲ್ಲಿರಲಿಲ್ಲ. ಈ ಪ್ರತ್ಯೇಕತೆಯ ಫಲ ಕಂಡದ್ದು 1977ರಲ್ಲಿ. ಫೆಬ್ರವರಿ 11ರಂದು ಫಖ್ರುದ್ದೀನ್ ಅಲಿ ಅಹಮದ್ ನಿಧನರಾದಾಗ ಜಮಖಂಡಿ ಸೀಮೆಯ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ತುರ್ತುಪರಿಸ್ಥಿತಿಗೆ ಮುಂಚೆ ಕಾಂಗ್ರೆಸ್ ಬಲದಿಂದ ಆಯ್ಕೆಯಾಗಿದ್ದವರು ಜನತಾ ಸರ್ಕಾರಕ್ಕೆ ಪ್ರಮಾಣವಚನ ಬೋಧಿಸಬೇಕಾಯಿತು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಆದೇಶಕ್ಕೆ ಸಹಿ ಹಾಕುವ ಮುಂಚೆ ಅವರು ಹಿಂಜರಿದರು. 1974ರಲ್ಲಿ ಅವರನ್ನು ಆರಿಸುವಾಗ ಇಂಥ ಗಳಿಗೆ ಯಾರ ಕಣ್ಣ ಮುಂದೆಯೂ ಇದ್ದಿರಲಾರದು.

ಉಪಪ್ರಧಾನಿ, ಉಪಮುಖ್ಯಮಂತ್ರಿ ಹುದ್ದೆಗಳ ಸ್ಥಿತಿ ಬೇರೆ. ಸಂವಿಧಾನದಲ್ಲಿ ಅವುಗಳ ಹೆಸರೇ ಇಲ್ಲ. ದೇವಿಲಾಲ್ ಉಪಪ್ರಧಾನಿ ಎಂದು ಪ್ರಮಾಣವಚನ ಸ್ವೀಕರಿಸಿದ್ದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 1990ರಲ್ಲಿ ಅದು ಬರೀ ವಿವರಣೆ, ಅವರು ಉಳಿದ ಮಂತ್ರಿಗಳಂತೆಯೇ ಒಬ್ಬ ಮಂತ್ರಿ ಎಂದಿತು. ಕಾನೂನಿನ ಪ್ರಕಾರ ಸರಿ. ರಾಜಕೀಯದಲ್ಲಿ ಅದು ಎಷ್ಟು ಅಪೂರ್ಣ ಎಂಬುದು ಅದೇ ವರ್ಷ ಗೊತ್ತಾಯಿತು. ಆಗಸ್ಟ್ 1ರಂದು ಪ್ರಧಾನಿ ವಿ.ಪಿ. ಸಿಂಗ್ ದೇವಿಲಾಲರನ್ನು ಕೈಬಿಟ್ಟರು, ಒಂದು ವಾರದೊಳಗೆ ಮಂಡಲ್ ವರದಿಯ ಜಾರಿ ಘೋಷಿಸಿದರು. ನವೆಂಬರ್‌ನಲ್ಲಿ ಸರ್ಕಾರ ಬಿತ್ತು, ಚಂದ್ರಶೇಖರ್ ಸರ್ಕಾರದಲ್ಲಿ ದೇವಿಲಾಲ್ ಮತ್ತೆ ಉಪಪ್ರಧಾನಿಯಾದರು. ಸ್ವಂತ ನೆಲೆಯಿದ್ದವನನ್ನು ಹೊರಹಾಕುವುದು ಅವನನ್ನು ಬಿಡುಗಡೆ ಮಾಡಿದಂತೆ.

ಈಗ ಚಿಂತಾಕಿ. ತೆಲಂಗಾಣದ ಗಡಿಗೆ ಹತ್ತಿರವಿರುವ ಔರಾದ್ ತಾಲ್ಲೂಕಿನ ಈ ಊರಿನಲ್ಲಿ ಅಧ್ಯಕ್ಷ, ಉಪಾಧ್ಯಕ್ಷ ಎಂದರೆ ಜನರ ಕಣ್ಣ ಮುಂದೆ ಬರುವುದು ವಾಷಿಂಗ್ಟನ್ ಅಲ್ಲ, ಗ್ರಾಮ ಪಂಚಾಯತಿ. 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಈ ಇಬ್ಬರನ್ನೂ ಗೆದ್ದ ಸದಸ್ಯರೇ ಆರಿಸುತ್ತಾರೆ, ಬೇರೆಬೇರೆಯಾಗಿ. ಎರಡೂ ಸ್ಥಾನಗಳಿಗೆ ಪ್ರತ್ಯೇಕ ಮೀಸಲಾತಿಯಿದೆ. ಉಪಾಧ್ಯಕ್ಷರನ್ನು ತೆಗೆಯುವ ಅಧಿಕಾರ ಅಧ್ಯಕ್ಷರಿಗಿಲ್ಲ. ಅವಿಶ್ವಾಸ ಗೊತ್ತುವಳಿಗೆ ಒಟ್ಟು ಸದಸ್ಯರ ಮೂರರಲ್ಲಿ ಎರಡು ಪಾಲು ಬೇಕು. ಇಲ್ಲವಾದರೆ ಅವರೇ ರಾಜೀನಾಮೆ ಕೊಡಬೇಕು, ಅಥವಾ ದುರ್ನಡತೆಯ ಕಾರಣಕ್ಕೆ ಸರ್ಕಾರ ತೆಗೆಯಬೇಕು. ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯದಿರುವುದರಿಂದ, ಮೇಲಿನಿಂದ ಹೆಸರು ಕಳುಹಿಸುವ ಹೈಕಮಾಂಡ್ ಕೂಡ ಕಾಗದದ ಮೇಲೆ ಇಲ್ಲ. ಕಾಗದದಾಚೆ ಇದೆ, ಅದು ಊರಿಗೆಲ್ಲ ಗೊತ್ತು.

ಕಾಯ್ದೆ ಬರೆದವರು ಎರಡನೆಯ ಕುರ್ಚಿಗೆ ಕೊಟ್ಟ ರಕ್ಷಣೆ ಇಷ್ಟು ಗಟ್ಟಿ. ಆ ಮಟ್ಟಿಗೆ ಚಿಂತಾಕಿಯ ಉಪಾಧ್ಯಕ್ಷೆ ಬೆಂಗಳೂರಿನ ಉಪಮುಖ್ಯಮಂತ್ರಿಗಿಂತ ಭದ್ರ. ಅಧ್ಯಕ್ಷರು ಇಲ್ಲದಾಗ ಅವರ ಅಧಿಕಾರ ಉಪಾಧ್ಯಕ್ಷರಿಗೆ ಬರುವುದರಿಂದ ಈ ರಕ್ಷಣೆ ಬೇಕಾದದ್ದೇ. ಮೊದಲನೆಯವರ ಮರ್ಜಿಯಲ್ಲಿ ಉಳಿದವರು ಆ ಜಾಗದಲ್ಲಿ ಕೂತು ಸ್ವತಂತ್ರವಾಗಿ ಸಹಿ ಹಾಕುವುದು ಕಷ್ಟ. ಅದರಲ್ಲೂ ಮೀಸಲಾತಿಯಿಂದ ಮೊದಲ ಬಾರಿ ಪಂಚಾಯತಿಗೆ ಬಂದ ಹೆಣ್ಣುಮಕ್ಕಳಿಗೆ.

ಆದರೆ 2020ರ ಡಿಸೆಂಬರ್‌ನಲ್ಲಿ ಚುನಾಯಿತವಾದ ಪಂಚಾಯತಿಗಳಲ್ಲಿ ಅಧ್ಯಕ್ಷ, ಉಪಾಧ್ಯಕ್ಷರ ಅವಧಿ 30 ತಿಂಗಳಾಗಿತ್ತು. 2023ರಲ್ಲಿ ಎರಡನೆಯ ಅವಧಿಗೆ ಮೀಸಲಾತಿ ಹೊಸದಾಗಿ ನಿಗದಿಯಾಯಿತು. ಹೀಗೆ ಸರದಿ ತಿರುಗಿದಾಗ ಹಳೆಯ ಜೋಡಿ ಅದೇ ಸ್ಥಾನಗಳಲ್ಲಿ ಮುಂದುವರಿಯುವ ಸಾಧ್ಯತೆ ತೀರಾ ಕಡಿಮೆ. ಬದಲಾವಣೆಯನ್ನು ನಿರ್ಧರಿಸುವುದು ಅಧ್ಯಕ್ಷರಲ್ಲ, ಪಕ್ಷವಲ್ಲ, ಮತದಾರರೂ ಅಲ್ಲ, ಮೀಸಲಾತಿ ಪಟ್ಟಿ. ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಇದನ್ನು ನಾನು ಬೆಂಬಲಿಸುತ್ತೇನೆ. ಆದರೆ ಒಬ್ಬ ಅಧ್ಯಕ್ಷೆ ಮತ್ತು ಒಬ್ಬ ಉಪಾಧ್ಯಕ್ಷೆ ಕೂಡಿ ಮಾಡಿದ ಕುಡಿಯುವ ನೀರಿನ ಕೆಲಸವನ್ನೋ ಉದ್ಯೋಗ ಖಾತ್ರಿಯ ಲೆಕ್ಕವನ್ನೋ ಮುಂದಿಟ್ಟುಕೊಂಡು, ಈ ಇಬ್ಬರೂ ಅದೇ ಜಾಗದಲ್ಲಿ ಇನ್ನೊಂದು ಅವಧಿಗೆ ಇರಲಿ ಎನ್ನಲು ಅಥವಾ ಇವರಲ್ಲಿ ಒಬ್ಬರು ಸಾಕು ಎನ್ನಲು ಚಿಂತಾಕಿಯ ಮತದಾರರಿಗೆ ಈ ಕಾಯ್ದೆಯಲ್ಲಿ ದಾರಿಯಿಲ್ಲ.