ನರರೋಗ ತೀವ್ರನಿಗಾ ಶುಶ್ರೂಷಾ ತರಬೇತಿ

ಪಾರ್ಶ್ವವಾಯು, ತಲೆಗೆ ಬಿದ್ದ ಪೆಟ್ಟು, ಮಿದುಳು ಜ್ವರ, ನಿಲ್ಲದ ಅಪಸ್ಮಾರ ಮುಂತಾದವುಗಳಿಂದ ಪ್ರಾಣಾಪಾಯದಲ್ಲಿರುವವರ ಆರೈಕೆಗೆ ದಾದಿಯರನ್ನು ಸಜ್ಜುಗೊಳಿಸುವ ವಿಶೇಷ ಶಿಕ್ಷಣ. ಕರ್ನಾಟಕದಲ್ಲಿ ಇದರ ಪ್ರಮುಖ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್ (ಸ್ಥಾಪನೆ 1974). ಭಾರತೀಯ ಶುಶ್ರೂಷಾ ಪರಿಷತ್ತು ನರವಿಜ್ಞಾನ ಶುಶ್ರೂಷೆಗೆ ಒಂದು ವರ್ಷದ ಡಿಪ್ಲೊಮಾ ಪಠ್ಯಕ್ರಮ ರೂಪಿಸಿದೆ.

1974ರಲ್ಲೇ ಪ್ರಕಟವಾದ ಗ್ಲಾಸ್ಗೋ ಪ್ರಜ್ಞಾಮಾಪಕ ತರಬೇತಿಯ ಮೂಲ ಪಾಠ: ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಚಲನೆಗೆ 6, ಗರಿಷ್ಠ ಒಟ್ಟು 15 ಅಂಕ, ಕನಿಷ್ಠ 3. ಮೊತ್ತ 8ಕ್ಕೆ ಇಳಿದರೆ ಸ್ಥಿತಿ ಗಂಭೀರ. ಒಂದು ಕಣ್ಣಿನ ಪಾಪೆ ಹಿಗ್ಗಿ, ಟಾರ್ಚಿನ ಬೆಳಕಿಗೂ ಕುಗ್ಗದಿದ್ದರೆ ತಲೆಬುರುಡೆಯೊಳಗೆ ಒತ್ತಡ ಏರಿರಬಹುದು. ದಾದಿ ತಕ್ಷಣ ವೈದ್ಯರನ್ನು ಕರೆಯಬೇಕು. ಹಾಸಿಗೆಯ ತಲೆಭಾಗವನ್ನು ಸುಮಾರು 30 ಡಿಗ್ರಿ ಎತ್ತರಿಸುವುದು, ಕಫ ತೆಗೆಯುವುದು, ಮಗ್ಗುಲು ಬದಲಿಸುವುದು ನಿತ್ಯದ ಕೆಲಸ.

ಬೆಂಗಳೂರು ದೂರವಿರುವುದರಿಂದ ಹಾಸನ ಜಿಲ್ಲೆಯ ಕಟ್ಟಾಯದಂಥ ಹೋಬಳಿಯ ರೋಗಿಗೆ ಹತ್ತಿರದ ಆಸರೆ ಹಾಸನದ ಆಸ್ಪತ್ರೆ. ಆದ್ದರಿಂದ ಜಿಲ್ಲಾ ಮಟ್ಟದ ದಾದಿಯರಿಗೂ ಈ ತರಬೇತಿ ಅತ್ಯಗತ್ಯ.