ಭುಟ್ಟೋ ಮೊಕದ್ದಮೆ: ತೀರ್ಪು ಮತ್ತು ನ್ಯಾಯ

ಪಾಕಿಸ್ತಾನದ ಮಾಜಿ ಪ್ರಧಾನಿ ಜುಲ್ಫಿಕರ್ ಅಲಿ ಭುಟ್ಟೋ ಅವರನ್ನು 1979ರ ಏಪ್ರಿಲ್ 4ರಂದು ರಾವಲ್ಪಿಂಡಿಯ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಇದನ್ನು ರಾಜಕೀಯ ಸೇಡೆಂದು ಕರೆದು ಸುಮ್ಮನಾಗುವುದು ಸುಲಭ. ಆದರೆ ಇತಿಹಾಸದ ವಿದ್ಯಾರ್ಥಿಗಳಾದ ನಾವು ಕೇಳಬೇಕಾದ ಪ್ರಶ್ನೆ ಬೇರೆ: ಅಪರಾಧವನ್ನು ನಿರ್ಣಯಿಸಿದ ಕ್ರಮ ನ್ಯಾಯಸಮ್ಮತವಾಗಿತ್ತೇ?

1974ರ ನವೆಂಬರಿನಲ್ಲಿ ಲಾಹೋರಿನಲ್ಲಿ ಭುಟ್ಟೋ ಅವರ ಟೀಕಾಕಾರರಾಗಿದ್ದ ಸಂಸತ್ ಸದಸ್ಯ ಅಹ್ಮದ್ ರಜಾ ಕಸೂರಿಯವರ ಕಾರಿನ ಮೇಲೆ ಗುಂಡಿನ ದಾಳಿ ನಡೆದು, ಅವರ ತಂದೆ ಮಡಿದರು. 1977ರ ಜುಲೈ 5ರಂದು ಜನರಲ್ ಜಿಯಾ ಉಲ್ ಹಕ್ ಅಧಿಕಾರ ಕಸಿದುಕೊಂಡ ಬಳಿಕ ಈ ಪ್ರಕರಣಕ್ಕೆ ಮರುಜೀವ ಬಂದಿತು. ಕೊಲೆಯ ವಿಚಾರಣೆ ಸಾಮಾನ್ಯವಾಗಿ ನಡೆಯುವುದು ಸೆಷನ್ಸ್ ನ್ಯಾಯಾಲಯದಲ್ಲಿ. ಇಲ್ಲಿ ಅದು ನೇರವಾಗಿ ಲಾಹೋರ್ ಉಚ್ಚ ನ್ಯಾಯಾಲಯದಲ್ಲೇ ನಡೆದುದರಿಂದ ಆರೋಪಿಗೆ ಮೇಲ್ಮನವಿಯ ಒಂದು ಮೆಟ್ಟಿಲು ತಪ್ಪಿತು. ಪೀಠದ ಮುಖ್ಯಸ್ಥರು ಪಕ್ಷಪಾತಿಗಳೆಂಬ ಆಕ್ಷೇಪ ತಿರಸ್ಕೃತವಾಯಿತು. ವಿಚಾರಣೆಯ ಒಂದು ಭಾಗ ಮುಚ್ಚಿದ ಬಾಗಿಲ ಹಿಂದೆ ಸಾಗಿತು. 1978ರ ಮಾರ್ಚ್ 18ರಂದು ಮರಣದಂಡನೆ ವಿಧಿಸಲಾಯಿತು.

ಆರೋಪದ ಆಧಾರಸ್ತಂಭವೆಂದರೆ ಫೆಡರಲ್ ಭದ್ರತಾ ಪಡೆಯ ಮುಖ್ಯಸ್ಥರಾಗಿದ್ದ ಮಸೂದ್ ಮಹಮೂದರ ಮಾಫಿಸಾಕ್ಷಿ. ಆಗ ಭಾರತ, ಪಾಕಿಸ್ತಾನಗಳೆರಡರಲ್ಲೂ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದಂತೆ ಇಂತಹ ಸಾಕ್ಷ್ಯವನ್ನು ನಂಬಿ ಶಿಕ್ಷಿಸುವುದು ಕಾನೂನುಬಾಹಿರವಲ್ಲ. ಆದರೆ ಮುಖ್ಯಾಂಶಗಳಲ್ಲಿ ಅನ್ಯ ಪುಷ್ಟಿ ದೊರೆಯದಿದ್ದಲ್ಲಿ ಅದು ನಂಬಲರ್ಹವಲ್ಲವೆಂದು ನ್ಯಾಯಾಲಯ ಭಾವಿಸಬಹುದು. ಈ ಎಚ್ಚರಿಕೆಗೆ ಎಷ್ಟು ಬೆಲೆ ಕೊಡಬೇಕೆಂಬುದು ನಿರ್ಣಾಯಕ ಪ್ರಶ್ನೆಯಾಗಿತ್ತು.

ಸರ್ವೋಚ್ಚ ನ್ಯಾಯಾಲಯದಲ್ಲಿ ಮೇಲ್ಮನವಿ ಆಲಿಸತೊಡಗಿದವರು ಒಂಬತ್ತು ನ್ಯಾಯಮೂರ್ತಿಗಳು. ಒಬ್ಬರು ನಿವೃತ್ತರಾದರು, ಇನ್ನೊಬ್ಬರು ಅಸ್ವಸ್ಥರಾದರು. ಉಳಿದ ಏಳು ಮಂದಿಯಲ್ಲಿ ನಾಲ್ವರು 1979ರ ಫೆಬ್ರವರಿ 6ರಂದು ಶಿಕ್ಷೆಯನ್ನು ಎತ್ತಿಹಿಡಿದರು. ದೊರಾಬ್ ಪಟೇಲ್, ಮುಹಮ್ಮದ್ ಹಲೀಮ್, ಸಫ್ದರ್ ಶಾ ಎಂಬ ಮೂವರು ಭುಟ್ಟೋ ಅವರನ್ನು ಬಿಡುಗಡೆ ಮಾಡಬೇಕೆಂದರು. ಒಂದೇ ಮತದ ಅಂತರದ ಮೇಲೆ ಒಂದು ಜೀವ ನಿಂತಿತ್ತು.

2011ರಲ್ಲಿ ರಾಷ್ಟ್ರಾಧ್ಯಕ್ಷ ಜರ್ದಾರಿ ಈ ವಿಷಯವನ್ನು ಅಭಿಪ್ರಾಯಕ್ಕಾಗಿ ಅದೇ ನ್ಯಾಯಾಲಯಕ್ಕೆ ಒಪ್ಪಿಸಿದರು. 2024ರ ಮಾರ್ಚ್ 6ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ನ್ಯಾಯಯುತ ವಿಚಾರಣೆಯ ಅಗತ್ಯಗಳು ಅಂದು ಪೂರೈಕೆಯಾಗಿರಲಿಲ್ಲವೆಂದು ಒಮ್ಮತದಿಂದ ಸಾರಿತು. ಆದರೆ ಸಲಹಾಧಿಕಾರದಡಿ ಸಾಕ್ಷ್ಯವನ್ನು ಮತ್ತೆ ತೂಗಿನೋಡಿ ಹಳೆಯ ತೀರ್ಪನ್ನು ರದ್ದುಗೊಳಿಸಲು ತನಗೆ ಬಾರದೆಂದೂ ಹೇಳಿತು.

ಹೀಗಾಗಿ ಭುಟ್ಟೋ ನಿರಪರಾಧಿಯೆಂದು ನ್ಯಾಯಾಲಯ ಹೇಳಿಲ್ಲ. ಅವರನ್ನು ಅಪರಾಧಿಯೆಂದ ವಿಧಾನ ನ್ಯಾಯವಾಗಿರಲಿಲ್ಲವೆಂದಷ್ಟೇ ಹೇಳಿದೆ. ಈ ವ್ಯತ್ಯಾಸವನ್ನು ನಾವು ಮರೆಯಬಾರದು. ಅಧಿಕಾರದಲ್ಲಿದ್ದವರನ್ನೂ ಕಾನೂನು ವಿಚಾರಿಸಬೇಕು, ನಿಜ. ಆದರೆ ವಿಚಾರಣೆಯೇ ಕೆಟ್ಟರೆ ಮೃತನ ಕುಟುಂಬಕ್ಕೂ ಆರೋಪಿಗೂ ಸತ್ಯ ದಕ್ಕುವುದಿಲ್ಲ. ನಲವತ್ತೈದು ವರ್ಷ ತಡವಾಗಿ ಬಂದ ಒಪ್ಪಿಗೆ ಇತಿಹಾಸದ ಬರಹವನ್ನು ತಿದ್ದೀತು. ಗಲ್ಲಿನ ಹಗ್ಗವನ್ನು ಹಿಂದೆಗೆಯಲಾರದು.